ಚಪ್ಪಡಿ ಒಡೆದವರು ಯಾರು?

ಸಿದ್ದಲಿಂಗಮ್ಮನ ಬಲಗಾಲಿನ ಚಪ್ಪಲಿ ಡೇರಿ ಮುಂದಿನ ಚರಂಡಿಯೊಳಕ್ಕೆ ಬಿದ್ದ ದಿನ ಅವಳ ಮಗ ಉಮಾಶಂಕರ ಲೇಖಕನಾದ.

ಅಲ್ಲಿಯವರೆಗೆ ಅವನು ಗಾವಡಗೆರೆ ಪಕ್ಕದ ಸೋರೆಕೊಪ್ಪಲಿನ ಹಾಲಿನ ಡೇರಿಯಲ್ಲಿ ಬರೀ ಟೆಸ್ಟರ್ ಆಗಿದ್ದ. ಬೆಳಿಗ್ಗೆ ಸಂಜೆ ಊರವರು ತಂದು ಸುರಿಯುವ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಯಾರ ಹಾಲಿನಲ್ಲಿ ಎಷ್ಟು ನೀರಿದೆ ಎಂದು ಮುಖ ನೋಡದೆ ಹೇಳುವುದು ಅವನ ಕೆಲಸ. ಹೀಗಾಗಿ ಊರಿನಲ್ಲಿ ಅವನಿಗೆ ಮರ್ಯಾದೆ ಇತ್ತು, ಸ್ನೇಹಿತರು ಕಡಿಮೆ ಇದ್ದರು.

ಡೇರಿ ಮೆಟ್ಟಿಲ ಮುಂದೆ ಚರಂಡಿಗೆ ಮುಚ್ಚಿದ್ದ ಚಪ್ಪಡಿ ಒಡೆದದ್ದು ಯುಗಾದಿ ಹೊತ್ತಿಗೆ. ದೀಪಾವಳಿ ಹತ್ತಿರ ಬಂದರೂ ಅದು ಹಲ್ಲಿನ ಡಾಕ್ಟರ ಮುಂದೆ ಕೂತವನ ಹಾಗೆ ಬಾಯಿ ತೆರೆದುಕೊಂಡೇ ಇತ್ತು. ಯಾರೂ ದೂರಲಿಲ್ಲ. ಅದನ್ನು ದಾಟುವುದಕ್ಕೆ ಊರವರೆಲ್ಲ ಒಂದು ನೆಗೆತ ಕಲಿತುಕೊಂಡಿದ್ದರು, ದನಗಳೂ ಕಲಿತಿದ್ದವು. ಸಿದ್ದಲಿಂಗಮ್ಮನ ಮಂಡಿಗೆ ಮಾತ್ರ ಆ ವಿದ್ಯೆ ಹತ್ತಲಿಲ್ಲ. ಒಂದು ಸಂಜೆ ಹಾಲಿನ ಕ್ಯಾನು ಒಂದು ಕಡೆ, ಅವಳು ಒಂದು ಕಡೆ ಉರುಳಿದರು. ಚಪ್ಪಲಿ ಪಾತಾಳ ಸೇರಿತು.

“ನನ್ ಮೆಟ್ಟು ತಕ್ಕೊಡ್ಲಾ ಮಗ.”

“ಕೈಗೆ ಎಟುಕಾಕಿಲ್ಲ ಕಣವ್ವ. ಹೊಸ ಜೊತೆ ತಂದ್ಕೊಡ್ತೀನಿ ಬುಡು.”

“ಹೊಸದ್ಯಾಕ್ಲಾ? ಇನ್ನೊಂದು ಚೆಂದಾಗದಲ್ಲ.” ಅವಳು ಎಡಗಾಲಿನದನ್ನು ತೊಳೆದು ಬಾಗಿಲ ಪಕ್ಕ ಒಣಗಲಿಟ್ಟಳು. ಬಲಗಾಲಿನದು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯಿಂದ ಬರಿಗಾಲಲ್ಲಿ ಓಡಾಡತೊಡಗಿದಳು.

ಆ ಒಂಟಿ ಚಪ್ಪಲಿಯನ್ನು ನೋಡಿ ನೋಡಿ ಉಮಾಶಂಕರನಿಗೆ ಸಾಕಾಯಿತು. ಹುಣಸೂರಿನ ಸಂಜೆ ಕಾಲೇಜಿಗೆ ಓಡಾಡಿ ಪಡೆದ ಬಿ.ಎ. ಡಿಗ್ರಿಯನ್ನು ಒಮ್ಮೆಯೂ ಕೆಲಸಕ್ಕೆ ಹಚ್ಚಿರಲಿಲ್ಲ. ಈಗ ಹಚ್ಚಿದ. ‘ಚಪ್ಪಡಿ ಒಡೆದವರು ಯಾರು?’ ಎಂದು ತಲೆಬರಹ ಕೊಟ್ಟು ಮೊಬೈಲಿನಲ್ಲೇ ಒಂದು ಲೇಖನ ಬರೆದ. ಕೊನೆಯ ಸಾಲು ಅವನಿಗೇ ಬಹಳ ಹಿಡಿಸಿತು: ‘ಈ ಕ್ಷಣಕ್ಕೂ ಆ ಚಪ್ಪಡಿ ಒಡೆದೇ ಇದೆ, ನನ್ನ ತಾಯಿಯ ಚಪ್ಪಲಿ ಒಳಗೇ ಇದೆ, ಅನುಮಾನವಿದ್ದವರು ಬಂದು ನೋಡಬಹುದು.’

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಸುದ್ದಿ ಹಾಕುವ ‘ನಾಲ್ಕು ಸೀಮೆ’ ಎಂಬ ಜಾಲತಾಣವೊಂದಿತ್ತು. ಒಡೆದ ಚಪ್ಪಡಿಯ ಫೋಟೊ ಸೇರಿಸಿ ಲೇಖನವನ್ನು ರಾತ್ರಿಯೇ ಅದಕ್ಕೆ ಕಳಿಸಿದ. ಅದರ ಸಂಪಾದಕ ಚೇತನ್‌ಕುಮಾರ್ ಬೆಳಿಗ್ಗೆಯೇ ಫೋನ್ ಮಾಡಿದ.

“ವಿಷಯ ಚೆನ್ನಾಗಿದೆ ಉಮಾಶಂಕರ್. ಜನ ಓದಿದ್ರೆ ನಿಮಗೆ ವಾರವಾರ ಒಂದು ಅಂಕಣನೇ ಕೊಡೋಣ. ಆದ್ರೆ ನಮ್ಮಲ್ಲೊಂದು ಪದ್ಧತಿ ಇದೆ. ಹಾಕೋಕೆ ಮುಂಚೆ ನಾಲ್ಕು ಜನಕ್ಕೆ ತೋರಿಸಿ, ಏನಂತಾರೆ ಕೇಳಿ, ತಿದ್ದಿ ಕಳಿಸಿ.”

ಅಂಕಣ ಎಂದ ಕೂಡಲೇ ಉಮಾಶಂಕರ ಒಪ್ಪಿಬಿಟ್ಟ. ನಾಲ್ಕು ಜನ ಏನು, ನಲವತ್ತು ಜನಕ್ಕೆ ತೋರಿಸಲು ಅವನು ಸಿದ್ಧನಿದ್ದ.

ಮೊದಲು ಹೋದದ್ದು ನಿವೃತ್ತ ಮೇಷ್ಟ್ರು ವೀರಭದ್ರಸ್ವಾಮಿಯವರ ಮನೆಗೆ. ಅವರು ಲೇಖನವನ್ನು ತಮ್ಮ ಮೊಬೈಲಿಗೆ ಹಾಕಿಸಿಕೊಂಡು, ತೋಳುದ್ದ ದೂರ ಹಿಡಿದು ಓದಿದರು.

“ಬರವಣಿಗೆ ಪರವಾಗಿಲ್ಲ. ಆದ್ರೆ ಬಾಗಿಲು ತೆಗೆದ ಕೂಡ್ಲೇ ಚಪ್ಪಡಿ ತಂದು ಕಾಲ ಮೇಲೆ ಹಾಕ್ತೀಯಲ್ಲಪ್ಪ. ಮೊದಲು ಹರಪ್ಪದಲ್ಲಿ ಚರಂಡಿ ಹೆಂಗಿತ್ತು ಅಂತ ಶುರು ಮಾಡು. ಆಮೇಲೆ ಸೋರೆಕೊಪ್ಪಲಿಗೆ ಆ ಹೆಸರು ಯಾಕೆ ಬಂತು ಅಂತ ಬರಿ.”

“ನಮ್ಮವ್ವ ಬೀಳೋದು ಯಾವಾಗ ಮೇಷ್ಟ್ರೇ?”

“ಮೂರನೇ ಪುಟದಲ್ಲಿ ಬೀಳ್ಲಿ, ಏನವಸರ? ಆ ತಲೆಬರಹ ಮಾತ್ರ ತೆಗೆದುಬಿಡು. ಒಡೆದವರು ಯಾರು, ಬಿಟ್ಟವರು ಯಾರು, ಅದೆಲ್ಲ ನಮಗ್ಯಾಕೆ? ನಮ್ ಹುಡುಗನ ಟ್ರ್ಯಾಕ್ಟರ್ ಆವತ್ತು ಖಾಲಿನೇ ಇತ್ತು.”

“ಯಾವತ್ತು ಮೇಷ್ಟ್ರೇ?”

ಮೇಷ್ಟ್ರು ಮೂಗಿನ ಮೇಲಿದ್ದ ಕನ್ನಡಕವನ್ನೇ ಮನೆಯೆಲ್ಲ ಹುಡುಕುತ್ತ ಒಳಗೆ ಹೋದರು.

ಎರಡನೆಯವನು ಚಲುವರಾಜು. ಡೇರಿಗೆ ಅಂಟಿಕೊಂಡೇ ಅವನ ಅಂಗಡಿ. ಅವನು ಲೇಖನವನ್ನು ಬಾಕಿ ಕೇಳಲು ಬಂದವನನ್ನು ನೋಡುವಂತೆ ನೋಡಿದ.

“‘ಚಲುವರಾಜು ಅಂಗಡಿ ಪಕ್ಕ’ ಅಂತ ಯಾಕ್ ಬರ್ದೆ ಉಮಣ್ಣ? ಓದ್ದೋರು ನಮ್ಮಂಗ್ಡಿಗೆ ಬಂದ್ರೆ ಕಾಲ್ ಮುರೀತದೆ ಅಂದ್ಕೋತಾರೆ. ನನ್ ಹೆಸರ ತಗ್ದಾಕು.”

“ಜಾಗ ಎಲ್ಲಿ ಅಂತ ಗೊತ್ತಾಗ್ಬೇಕಲ್ಲ ಚಲುವಣ್ಣ.”

“ಅಂಗಾರೆ ಇನ್ನೊಂದೆರಡು ಮಾತು ಸೇರ್ಸು. ಅಲ್ಲೇ ಪಕ್ಕದಲ್ಲಿ ತಾಜಾ ಬನ್ ಸಿಗ್ತದೆ ಅಂತ. ಆಮೇಲೆ ನನ್ ಸಾಮಾನಿನ ಆಟೋ ಆ ಚಪ್ಪಡಿ ಮ್ಯಾಲೆ ಹತ್ಲೇ ಇಲ್ಲ ಅಂತ್ಲೂ ಬರಿ.”

“ಹತ್ತುತು ಅಂತ ನಾನೆಲ್ಲಿ ಬರ್ದಿದ್ದೀನಿ?”

“ಬರ್ದಿಲ್ಲ. ಆದ್ರೂ ಇರ್ಲಿ.”

ಮೂರನೆಯವನು ಪಂಚಾಯಿತಿಯ ನೀರುಗಂಟಿ ಯತೀಶ್. ನಲ್ಲಿ ತಿರುಗಿಸುವ ಕೈಯಿಂದಲೇ ಫೋನು ಹಿಡಿದು ನಿಧಾನವಾಗಿ ಓದಿದ. ಅಧಿಕಾರದಲ್ಲಿದ್ದವರಿಗೆ ನೋವಾಗದಂತೆ ಮಾತಾಡುವುದರಲ್ಲಿ ಅವನನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲೂ ಇರಲಿಲ್ಲ.

“ಅಣ್ಣ, ‘ಚಪ್ಪಡಿ ಒಡೆದಿದೆ’ ಅಂದ್ರೆ ಒರಟಾಯ್ತದೆ. ‘ಚಪ್ಪಡಿ ಸ್ವಲ್ಪ ಬಳಲಿದೆ’ ಅನ್ನಿ.”

“ಬಳಲೋಕೆ ಅದೇನು ಬಸುರಿ ಹೆಂಗ್ಸೇನ್ಲಾ?”

“ಮತ್ತೆ ‘ನನ್ನ ತಾಯಿ ಬಿದ್ದರು’ ಅಂತ ಇದ್ಯಲ್ಲ, ಅಲ್ಲಿ ‘ಕುಂತರು’ ಅಂತ ಮಾಡಿ. ಬೀಳೋದು ಅಂದ್ರೆ ಪಂಚಾಯ್ತಿ ಮ್ಯಾಲೆ ಬತ್ತದೆ. ಕುಂತ್ರೆ ಅವರವರ ಇಷ್ಟ.”

ನಾಲ್ಕನೆಯ ಅಭಿಪ್ರಾಯಕ್ಕೆ ಅವನು ಮನೆಗೇ ಬಂದು ಅವ್ವನಿಗೆ ಓದಿ ಹೇಳಿದ. ಸಿದ್ದಲಿಂಗಮ್ಮ ಕಣ್ಣು ಮುಚ್ಚಿ ಕೇಳಿದಳು.

“ಎಲ್ಲ ಸರಿ ಕಣ್ಲಾ. ಮೆಟ್ಟು ಯಾವ್ ಬಣ್ಣ ಅಂತ್ಲೇ ಬರ್ದಿಲ್ವಲ್ಲ. ನಂದು ನಂದು ಅಂತ ಇನ್ಯಾರಾರ ಬಂದ್ರೆ?”

ಉಮಾಶಂಕರ ಮೆತ್ತಗಿನ ಮನುಷ್ಯ. ಯಾರ ಮಾತನ್ನು ತೆಗೆದುಹಾಕಿದರೂ ಅವರಿಗೆ ಬೇಜಾರಾಗುತ್ತದೆ ಎಂದು ಎಲ್ಲರ ಸಲಹೆಯನ್ನೂ ಸೇರಿಸಿ ಲೇಖನ ತಿದ್ದಿದ. ತಿದ್ದಿ ಓದಿದ. ಹರಪ್ಪದಿಂದ ಹೊರಟ ಚರಂಡಿ ಸೋರೆಕೊಪ್ಪಲಿಗೆ ಬಂದು, ತಾಜಾ ಬನ್ ತಿಂದು, ಸ್ವಲ್ಪ ಬಳಲಿದ ಚಪ್ಪಡಿಯ ಪಕ್ಕ ಕಂದು ಬಣ್ಣದ ಚಪ್ಪಲಿಯ ಮುದುಕಿಯೊಬ್ಬಳು ತನ್ನಿಷ್ಟದಿಂದ ಕುಂತಿದ್ದಳು.

ಆ ಲೇಖನಕ್ಕೆ ಲ್ಯಾಕ್ಟೋಮೀಟರ್ ಇಳಿಬಿಟ್ಟಿದ್ದರೆ ಅದು ಸೀದಾ ತಳ ಮುಟ್ಟುತ್ತಿತ್ತು, ಅಷ್ಟು ನೀರು ಬೆರೆತಿತ್ತು. ಇಷ್ಟು ವರ್ಷ ಇವರ ಹಾಲಿನ ನೀರು ಹಿಡಿದದ್ದಕ್ಕೆ ಎಲ್ಲರೂ ಸೇರಿ ಒಂದೇ ಬೆಳಿಗ್ಗೆಯಲ್ಲಿ ಸೇಡು ತೀರಿಸಿಕೊಂಡಿದ್ದರು. ಜನ್ಮದಲ್ಲಿ ಮೊದಲ ಸಲ ಉಮಾಶಂಕರನಿಗೆ ರೋಷ ಬಂತು. ತಿದ್ದಿದ್ದನ್ನೆಲ್ಲ ಅಳಿಸಿ ಹಳೆಯದನ್ನೇ ಉಳಿಸಿಕೊಂಡ.

ಅಷ್ಟರಲ್ಲಿ ಫೋನ್ ಬಂತು. ಪಂಚಾಯಿತಿ ಅಧ್ಯಕ್ಷೆ ಮಲ್ಲಾಜಮ್ಮ.

“ನಿನ್ ಲೇಖನ ಓದ್ದೆ ಕಣಪ್ಪ.”

“ನಿಮಗೆ ನಾನು ಕಳಿಸ್ಲಿಲ್ವಲ್ಲಮ್ಮ.”

“ಮೇಷ್ಟ್ರು ಅಭಿಪ್ರಾಯ ಕೇಳಿ ಕಳ್ಸಿದ್ರು. ಚಲುವರಾಜುನೂ ಕೇಳಿ ಕಳ್ಸ್ದ. ಯತೀಶ ಎರಡ್ ಸಲ ಕಳ್ಸ್ದ. ಊರೋರೆಲ್ಲ ಓದಾಯ್ತು, ನೀನೊಬ್ಬ ಪ್ರಿಂಟ್ ಮಾಡೋದು ಬಾಕಿ. ಚೆಂದಾಗಿ ಬರ್ದಿದ್ದೀಯ. ಆದ್ರೆ ಒಂದೇ ಒಂದು ತಪ್ಪದೆ.”

“ಏನು ತಪ್ಪು?”

“ಈಗ ಹೇಳಾಕಾಗಲ್ಲ. ಸಂಜೆಗಂಟ ತಡ್ಕೊ, ತಾನೇ ಗೊತ್ತಾಯ್ತದೆ.”

ಉಮಾಶಂಕರನ ಕಿವಿ ಕೆಂಪಾಯಿತು. ಸಂಜೆಯೊಳಗೆ ಚೇತನ್‌ಕುಮಾರನಿಗೆ ಯಾರಿಂದಲೋ ಫೋನ್ ಮಾಡಿಸಿ ಲೇಖನ ತಡೆಯುವ ಹಂಚಿಕೆ ಇದು ಎಂದುಕೊಂಡ.

“ತಡ್ಕೊಳಲ್ಲ ಕಣಮ್ಮ,” ಎಂದ. “ಒಂದಕ್ಷರನೂ ಬದಲಾಯಿಸಲ್ಲ. ನೀವು ಯಾರಿಗೆ ಬೇಕಾದ್ರೂ ಹೇಳ್ಕೊಳ್ಳಿ.”

“ನಿನ್ನಿಷ್ಟ ಕಣಪ್ಪ,” ಎಂದು ಮಲ್ಲಾಜಮ್ಮ ತಣ್ಣಗೆ ಫೋನಿಟ್ಟರು.

ಲೇಖನವನ್ನು ಫೋನಿನಲ್ಲಿ ಕಳಿಸಿದರೆ ಹುಣಸೂರು ಮುಟ್ಟುವುದರೊಳಗೆ ದಾರಿಯಲ್ಲಿ ಇನ್ನೊಬ್ಬರು ತಿದ್ದಿಯಾರು ಎಂಬಷ್ಟು ಅನುಮಾನ ಅವನಿಗೆ ಹುಟ್ಟಿತ್ತು. ಬಸ್ಸು ಹತ್ತಿ ಹುಣಸೂರಿನ ‘ನಾಲ್ಕು ಸೀಮೆ’ ಕಚೇರಿಗೇ ಹೋದ. ಚೇತನ್‌ಕುಮಾರನ ಎದುರು ಕುರ್ಚಿ ಎಳೆದು ಕೂತ.

“ನಾಲ್ಕು ಜನಕ್ಕೆ ತೋರಿಸಿದ್ರಾ?”

“ಊರಿಗೆಲ್ಲ ತೋರಿಸ್ದೆ.”

“ಏನಂದ್ರು?”

“ಅನ್ನೋದನ್ನೆಲ್ಲ ಅಂದ್ರು. ಒಬ್ಬರದೂ ತಗೊಂಡಿಲ್ಲ. ಇದ್ದಂಗೇ ಹಾಕಿ. ಹಾಕೋತನಕ ನಾನು ಏಳಲ್ಲ.”

ಚೇತನ್‌ಕುಮಾರ್ ಹೊಸ ಕಣ್ಣಿನಿಂದ ಅವನನ್ನು ನೋಡಿ ಗುಂಡಿ ಒತ್ತಿದ. ಪರದೆಯ ಮೇಲೆ ಬಾಯಿ ತೆರೆದ ಚಪ್ಪಡಿಯ ಫೋಟೊ, ಅದರ ಮೇಲೆ ದಪ್ಪಕ್ಷರದಲ್ಲಿ ‘ಚಪ್ಪಡಿ ಒಡೆದವರು ಯಾರು?’, ಕೆಳಗೆ ಉಮಾಶಂಕರನ ಹೆಸರು ಮೂಡಿದವು. ವಾಪಸು ಬರುವಾಗ ಗಾವಡಗೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವನು ತನ್ನ ಲೇಖನವನ್ನು ತಾನೇ ಮತ್ತೆ ಮತ್ತೆ ಓದಿದ. ಓದಿದವರ ಸಂಖ್ಯೆ ಏರುತ್ತಿತ್ತು. ಅದರಲ್ಲಿ ಎಷ್ಟು ಸಲ ತಾನೇ ಎಂದು ಅವನು ಲೆಕ್ಕ ಹಾಕಲಿಲ್ಲ.

ಡೇರಿ ಮುಂದೆ ಸಂಜೆಯ ಹಾಲಿಗೆ ಜನ ಸೇರಿತ್ತು. ಉಮಾಶಂಕರ ತಲೆಯೆತ್ತಿಕೊಂಡು, ಯಾರ ಕಡೆಗೂ ನೋಡದೆ ಬಂದು, ಮೆಟ್ಟಿಲ ಹತ್ತಿರ ಅಭ್ಯಾಸದಂತೆ ಒಂದು ನೆಗೆತ ನೆಗೆದ.

ಜನ ಗೊಳ್ಳೆಂದಿತು.

ತಿರುಗಿ ನೋಡಿದ. ಚರಂಡಿಯ ಮೇಲೆ ಹೊಸ ಚಪ್ಪಡಿ ಮಲಗಿತ್ತು. ಸುತ್ತ ಬಳಿದ ಸಿಮೆಂಟು ಇನ್ನೂ ಹಸಿಯಾಗಿತ್ತು.

“ಏನ್ ಉಮಣ್ಣ, ಸುಮ್ ಸುಮ್ನೆ ನೆಗೀತಿದ್ದೀಯ?” ಎಂದ ಚಲುವರಾಜು. “ಮಲ್ಲಾಜಮ್ಮ ಮಧ್ಯಾಹ್ನನೇ ಗಾರೆಯೋನ್ನ ಕರ್ಸಿ ಹಾಕಿಸ್ಬುಟ್ರು. ನೀನು ಬಸ್ ಹತ್ತಿದ್ದೇ ತಡ, ಚಪ್ಪಡಿ ಇಳೀತು.”

ಜೇಬಿನಲ್ಲಿ ಫೋನು ಗುರುಗುಟ್ಟತೊಡಗಿತು. ಲೇಖನದ ಕೆಳಗೆ ಓದುಗರ ಅಭಿಪ್ರಾಯಗಳು ಬಂದು ಬೀಳುತ್ತಿದ್ದವು. ‘ಶುದ್ಧ ಸುಳ್ಳು’ ಎಂದು ಕೋಟೆಯಿಂದ ಒಬ್ಬ. ‘ಕಣ್ಣಿಲ್ಲದ ಲೇಖಕ’ ಎಂದು ಪಿರಿಯಾಪಟ್ಟಣದಿಂದ ಇನ್ನೊಬ್ಬ. ಎಲ್ಲಕ್ಕಿಂತ ಮೇಲೆ ಚಲುವರಾಜು ಹೊಸ ಚಪ್ಪಡಿಯ ಫೋಟೊ ಹಾಕಿ ಬರೆದಿದ್ದ: ‘ಇಲ್ಲಿ ನೋಡಿ ನಿಜ. ಪಕ್ಕದಲ್ಲೇ ತಾಜಾ ಬನ್ ಸಿಗುತ್ತದೆ.’

ಚೇತನ್‌ಕುಮಾರನ ಕರೆಯೂ ಬಂತು. “ಏನ್ರೀ ಇದು? ‘ಬಂದು ನೋಡಬಹುದು’ ಅಂತ ಬರ್ದಿದ್ದೀರಿ, ಜನ ಬಂದು ನೋಡ್ತಿದ್ದಾರೆ. ಪುರಾವೆ ಏನಾದ್ರೂ ಇದ್ರೆ ಈಗಿಂದೀಗ್ಲೇ ಕಳಿಸಿ. ಇಲ್ಲಾಂದ್ರೆ ಲೇಖನನೂ ಇಲ್ಲ, ಅಂಕಣನೂ ಇಲ್ಲ.”

ಪುರಾವೆ. ಉಮಾಶಂಕರ ಚಪ್ಪಡಿ ನೋಡಿದ. ಚಪ್ಪಡಿ ಬದಲಾಗಿರಬಹುದು; ಲೇಖನದ ಇನ್ನರ್ಧ ನಿಜ ಅದರ ಕೆಳಗೇ ಬಿದ್ದಿತ್ತು. ಅವ್ವನ ಚಪ್ಪಲಿ.

ಡೇರಿಯೊಳಗಿಂದ ಹಾರೆ ತಂದ. ಜನ ಹಿಂದೆ ಸರಿದರು. ಯತೀಶ್ ಓಡಿಬಂದ.

“ಅಣ್ಣ, ಬ್ಯಾಡಿ. ಅದು ಪಂಚಾಯ್ತಿ ಆಸ್ತಿ.”

“ಯುಗಾದಿಯಿಂದ ಇಲ್ಲೀಗಂಟ ಬಾಯಿ ಬಿಟ್ಕೊಂಡಿತ್ತಲ್ಲ, ಆಗ ಯಾರ ಆಸ್ತಿ ಆಗಿತ್ಲಾ? ಸರಿ ಅತ್ಲಾಗೆ. ನಾನು ಬರ್ದಿದ್ದು ಸುಳ್ಳಲ್ಲ. ಸುಳ್ಳಾಗೋಕೆ ನಾನು ಬಿಡಲ್ಲ.”

ಇಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ಊರು ಕೇಳಿರಲಿಲ್ಲ. ಮೇಷ್ಟ್ರು ಕೂಡ ಕನ್ನಡಕ ಸರಿಮಾಡಿಕೊಂಡರು. ಉಮಾಶಂಕರ ಹಾರೆ ತೂರಿಸಿ ಮೀಟಿದ. ಹಸಿ ಸಿಮೆಂಟು ಬಿಟ್ಟುಕೊಟ್ಟಿತು, ಚಪ್ಪಡಿಯ ಒಂದು ಅಂಚು ಮೇಲೆದ್ದಿತು. ಹಾರೆಯನ್ನು ಕಾಲಲ್ಲಿ ಅದುಮಿಕೊಂಡು, ಸಂದಿಯಲ್ಲಿ ಕೋಲು ಇಳಿಬಿಟ್ಟು, ಹಾಲಿನ ಆಳ ನೋಡುವ ಅದೇ ಜಾಗರೂಕತೆಯಿಂದ ತಡಕಾಡಿದ. ಕೋಲಿನ ತುದಿಗೆ ಏನೋ ಸಿಕ್ಕಿತು. ಎಳೆದ. ಕಪ್ಪು ಕೆಸರು ಸುರಿಸುತ್ತ ಚಪ್ಪಲಿ ಹೊರಬಂತು.

“ನೋಡ್ಕೊಳ್ಳಿ,” ಎಂದು ಅದನ್ನು ಎಲ್ಲರ ಮುಂದೆ ಎತ್ತಿ ಹಿಡಿದ. “ಬಂದು ನೋಡಬಹುದು ಅಂತ ಬರ್ದಿರ್ಲಿಲ್ವ? ನೋಡ್ಕೊಳ್ಳಿ.”

ಕೈ ಮೇಲೆತ್ತಿದ ಭರಕ್ಕೆ ಕಾಲು ಹಾರೆಯಿಂದ ಜಾರಿತು. ಚಪ್ಪಡಿ ದಢಾರನೆ ಬಿದ್ದು, ಮಧ್ಯಕ್ಕೆ ಎರಡಾಗಿ, ಒಂದು ತುಂಡು ಚರಂಡಿಯೊಳಕ್ಕೆ ಇಳಿಯಿತು. ಬಾಯಿ ಮತ್ತೆ ತೆರೆದುಕೊಂಡಿತು.

ಯತೀಶನ ಫೋನಿನಿಂದ ಕ್ಲಿಕ್ ಎಂದು ಒಂದು ಸದ್ದು ಬಂತು.

ಗುಂಪನ್ನು ಸೀಳಿಕೊಂಡು ಸಿದ್ದಲಿಂಗಮ್ಮ ಬರಿಗಾಲಲ್ಲಿ ಬಂದಳು. ಮಗನ ಕೈಯಲ್ಲಿದ್ದ ಚಪ್ಪಲಿ ನೋಡಿ ಅವಳ ಮುಖ ಇಳಿಯಿತು.

“ಅಯ್ಯೋ ಮಗ, ಇನ್ನೊಂದು ಮೆಟ್ನ ಮಧ್ಯಾಹ್ನನೇ ತಿಪ್ಪೆಗೆ ಎಸ್ದ್ಬುಟ್ನಲ್ಲೋ. ಚಪ್ಪಡಿ ಮುಚ್ಚಾಕುದ್ರು, ಇನ್ನೇನ್ ಸಿಗ್ತದೆ ಅಂತ.”

ಫೋನು ಮತ್ತೆ ಗುರುಗುಟ್ಟಿತು. ಲೇಖನದ ಕೆಳಗೆ ಯತೀಶನ ಹೆಸರಿನಲ್ಲಿ ಹೊಸ ಫೋಟೊ ಬಂದಿತ್ತು. ಎರಡಾದ ಚಪ್ಪಡಿ, ಕಾಲಡಿಯಲ್ಲಿ ಹಾರೆ, ಕೈಯೆತ್ತಿ ನಿಂತ ಉಮಾಶಂಕರ. ಜೊತೆಗೆ ಯತೀಶ್ ಒಂದಕ್ಷರವನ್ನೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಮೇಲೆ ದಪ್ಪಕ್ಷರದಲ್ಲಿ ಪ್ರಶ್ನೆ ಇದ್ದೇ ಇತ್ತು.

ಉಮಾಶಂಕರ ಅದನ್ನೇ ನೋಡುತ್ತ ನಿಂತಿದ್ದಾಗ ಮಲ್ಲಾಜಮ್ಮನ ಕರೆ ಬಂತು.

“ಫೋಟೊ ನೋಡ್ದೆ ಕಣಪ್ಪ,” ಎಂದರು ಅಧ್ಯಕ್ಷೆ. “ಆಗ ಒಂದು ತಪ್ಪದೆ ಅಂದಿದ್ನಲ್ಲ, ಆ ಮಾತು ವಾಪಸ್ ತಗೊಂಡಿದ್ದೀನಿ. ಈಗ ನಿನ್ ಲೇಖನದಲ್ಲಿ ಒಂದು ತಪ್ಪೂ ಇಲ್ಲ.”