ಶಾಲು ಹೊದ್ದ ಟೀವಿಯೂ ಹದಿನಾಲ್ಕು ದಿನದ ಹಕ್ಕೂ

ನಮ್ಮ ಮನೆಯ ಟೀವಿಗೆ ಒಂದು ವಾರ ಶಾಲು ಹೊದಿಸಿಟ್ಟಿದ್ದೆವು. ಯಾಕೆ, ಹೇಳಿ ನೋಡೋಣ? ಗ್ರಹಣವೇ? ಅಲ್ಲ. ಗೋಡೆಗೆ ಬಣ್ಣವೇ? ಅದೂ ಅಲ್ಲ. ಕೆಟ್ಟಿತ್ತೇ? ಕೆಟ್ಟ ಟೀವಿಗೆ ಯಾರಾದರೂ ಶಾಲು ಹೊದಿಸುತ್ತಾರೆಯೇ? ನಿಮ್ಮಿಂದ ಆಗುವುದಿಲ್ಲ ಬಿಡಿ, ನಾನೇ ಹೇಳುತ್ತೇನೆ. ನಿವೃತ್ತನಾದ ಮೇಲೆ ಲಂಡನ್ನಿನ ಕ್ರೋಯ್ಡನ್‌ನಲ್ಲಿರುವ ನಮ್ಮ ಫ್ಲಾಟ್‌ನಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಮುಂಚೆಯೂ ಆಗುತ್ತಿತ್ತಂತೆ, ಆಗ ನಾನು ಆಫೀಸಿನಲ್ಲಿರುತ್ತಿದ್ದೆ, ಅಷ್ಟೇ.

೧. ಒಪ್ಪಿದ್ದೇನೆ

ನನ್ನ ಹೆಂಡತಿಗೆ ಒಂದು ಕನ್ನಡ ಧಾರಾವಾಹಿ ಎಂದರೆ ಪ್ರಾಣ. ಆದರೆ ಅವಳು ಅದನ್ನು ಒಂದು ದಿನವೂ ನೋಡಿದವಳಲ್ಲ. ಮೈಸೂರಿನಿಂದ ಅವಳ ತಂಗಿ ಫೋನಿನಲ್ಲಿ ಕಥೆ ಹೇಳುತ್ತಾಳೆ, ಇವಳು ಕೇಳುತ್ತಾಳೆ. ತಂಗಿ ಹೇಳುವುದರಲ್ಲಿ ಅರ್ಧ ಧಾರಾವಾಹಿ, ಅರ್ಧ ತನ್ನ ಸೊಸೆಯ ಮೇಲಿನ ದೂರು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಕೇಳುವವರಿಗೆ ತಿಳಿಯದು.

"ಶ್ರಾವಣದಲ್ಲಿ ಆ ಹುಡುಗಿ ಮದುವೆಯಂತೆ ಕಣ್ರೀ. ಇಷ್ಟು ವರ್ಷ ಕಿವಿಯಲ್ಲಿ ಕೇಳಿದ್ದಾಯ್ತು. ಮದುವೆಯನ್ನಾದ್ರೂ ಕಣ್ಣಲ್ಲಿ ನೋಡ್ಬೇಕು" ಎಂದಳು.

"ತಂಗಿಯ ಸೊಸೆಗೆ ಆಗಲೇ ಮದುವೆಯಾಗಿದೆಯಲ್ಲೇ?" ಎಂದೆ. ಅವಳು ನೋಡಿದ ನೋಟದಲ್ಲೇ ಇದು ಧಾರಾವಾಹಿಯ ಹುಡುಗಿ ಎಂದು ಗೊತ್ತಾಯಿತು.

ಅಂದೇ ಒಂದು ಆ್ಯಪ್‌ಗೆ ಇಡೀ ವರ್ಷದ ಚಂದಾ ಕಟ್ಟಿಬಿಟ್ಟೆ. ಕೊನೆಯಲ್ಲಿ ಒಂದು ಚೌಕ ಬಂತು. ಹದಿನಾಲ್ಕು ದಿನದೊಳಗೆ ಬೇಡವೆನ್ನಬಹುದು, ಆದರೆ ನೋಡಲು ಶುರು ಮಾಡಿದರೆ ಆ ಹಕ್ಕು ಹೋಗುತ್ತದೆ, ಒಪ್ಪಿಗೆಯೇ ಎಂದಿತ್ತು. ಟಿಕ್ ಹಾಕಿದೆ. ಮದುವೆಯಾಗಿ ನಲವತ್ತು ವರ್ಷವಾದ ಗಂಡಸು ನಾನು. ಒಪ್ಪಿಗೆ ಎಂದ ಕಡೆ ಕೈ ತಾನಾಗಿ ಹೋಗುತ್ತದೆ.

೨. ಆಷಾಢದ ಉಪಕಾರ

ರಿಮೋಟ್ ಹಿಡಿದು, "ಬಾರೇ, ಶುರು ಮಾಡೋಣ" ಎಂದು ಕೂಗಿದೆ. ಅಡುಗೆಮನೆಯಿಂದ ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಆಷಾಢದಲ್ಲಿ ಯಾರಾದ್ರೂ ಹೊಸದನ್ನ ಶುರು ಮಾಡ್ತಾರಾ?"

"ಇದು ಗೃಹಪ್ರವೇಶವಲ್ಲ ಕಣೇ, ಟೀವಿ."

"ಮದುವೆ ನೋಡೋಕೆ ತಾನೇ ತಗೊಂಡಿದ್ದು? ಆಷಾಢದಲ್ಲಿ ಅಪಶಕುನ ಬೇಡ. ಶ್ರಾವಣ ಬರಲಿ."

ಮದುವೆ ಧಾರಾವಾಹಿಯವರದು, ಶಕುನ ನಮ್ಮದು! ರಿಮೋಟ್ ಕೆಳಗಿಟ್ಟೆ.

ಮುಂದಿನ ವಾರ ಫೆಲ್ಥಮ್‌ನಿಂದ ಮಗಳು ಬಂದಳು. ವಿಮಾನ ನಿಲ್ದಾಣದಲ್ಲಿ ಕೆಲಸ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತನ್ನ ಫೋನಿನಲ್ಲಿ ಏನೋ ನೋಡಿ, "ಅಪ್ಪಾ, ರಾಂಗ್ ಆ್ಯಪ್" ಎಂದಳು. ಅಮ್ಮನ ಧಾರಾವಾಹಿ ಇದರಲ್ಲಿ ಇಲ್ಲವೇ ಇಲ್ಲವಂತೆ. ಬೇರೆಯದರಲ್ಲಿ ಇದೆಯಂತೆ.

ಹೆಂಡತಿ ಅಲ್ಲೇ ತೀರ್ಪು ಕೊಟ್ಟಳು: "ಒಂದು ಮನೆಗೆ ಎರಡು ಚಂದಾ ಇಲ್ಲ. ಇದನ್ನ ವಾಪಸ್ ಕೊಟ್ರೆ ಅದು. ಇಲ್ದಿದ್ರೆ ನಾನು ಆ ಮದುವೆಯನ್ನೂ ತಂಗಿ ಬಾಯಲ್ಲೇ ಕೇಳ್ತೀನಿ." ಹೇಳುವಾಗ ಮುಖ ಸಣ್ಣದಾಗಿತ್ತು, ನನಗೂ ಒಂಥರಾ ಆಯಿತು.

"ಏನಾದರೂ ನೋಡಿದಿರಾ? ಒಂದೇ ಒಂದು ನಿಮಿಷ?" ಮಗಳು ಇಂಗ್ಲಿಷಿನಲ್ಲಿ ವಕೀಲಳಂತೆ ಕೇಳಿದಳು.

"ಇಲ್ಲಮ್ಮ. ಆಷಾಢ."

ಅವಳು ಅಮ್ಮನನ್ನು ತಬ್ಬಿಕೊಂಡಳು. ನೋಡದೆ ಇದ್ದುದರಿಂದ ಹಕ್ಕು ಹಾಗೇ ಉಳಿದಿತ್ತು. ಲಂಡನ್ನಿನಲ್ಲಿ ಹುಟ್ಟಿದ ಹುಡುಗಿ ಜೀವನದಲ್ಲಿ ಮೊದಲ ಸಲ, "ಥ್ಯಾಂಕ್ ಗಾಡ್ ಫಾರ್ ಆಷಾಢ" ಎಂದಳು.

೩. ಜಾಹೀರಾತಿಲ್ಲದ ಕಾರ್ಯಕ್ರಮ

ಅವತ್ತೇ ಆನ್‌ಲೈನಿನಲ್ಲಿ ರದ್ದು ಮಾಡಬಹುದಿತ್ತು. ಮಗಳು ಅದನ್ನೇ ಹೇಳಿದಳು. ನಾನು ಬಿಡಲಿಲ್ಲ. ಒಬ್ಬರ ವಸ್ತು ಬೇಡ ಎನ್ನುವಾಗ ಒಂದು ಗುಂಡಿ ಒತ್ತಿ ಓಡಿಹೋಗುವುದು ಮರ್ಯಾದೆಯೇ? ಮನುಷ್ಯರ ಹತ್ತಿರ ಮಾತಾಡಬೇಕು, ಸರಿಯಾದ ಕಾರಣ ಹೇಳಬೇಕು. "ಅಪ್ಪಾ, ಕಾರಣ ಬೇಕಾಗಿಲ್ಲ, ಕಾನೂನೇ ಹಾಗಿದೆ" ಎಂದು ತಲೆ ಚಚ್ಚಿಕೊಂಡು ಅವಳು ಟ್ರೇನ್ ಹಿಡಿದಳು.

ನಾನು ಕಾರಣ ಯೋಚಿಸುತ್ತಾ ಕೂತೆ. ಅಲ್ಲಿಯವರೆಗೆ ಯಾರೂ ಮುಟ್ಟದಂತೆ ಟೀವಿ ಕಾಯಬೇಕಲ್ಲ? ಹಾಕಿದ ಕೂಡಲೇ ಅದೇ ಆ್ಯಪ್ ಎದ್ದು ಬರುತ್ತಿತ್ತು, ಎಲ್ಲಿ ಮುಟ್ಟಿದರೂ ಏನೋ ಒಂದು ಓಡಲು ಸಿದ್ಧ. ಹೆಂಡತಿ ಶಾಲು ತಂದು ಹೊದಿಸಿದಳು. ಹೀಗೆ ನೋಡಿ, ಶಾಲಿನ ಕಥೆ.

ಭಾನುವಾರ ಗ್ರೀನ್‌ಫರ್ಡ್‌ನಿಂದ ನನ್ನ ಸ್ನೇಹಿತ ಬಂದ. ಧಾರವಾಡದವನು, ನಿವೃತ್ತ ಸರ್ಜನ್.

"ಏನಪಾ, ಟೀವಿಗೆ ಥಂಡಿ ಆಗ್ಯದೇನು?" ಎನ್ನುತ್ತಾ ಶಾಲು ಎಳೆದು, ರಿಮೋಟ್‌ಗೆ ಕೈ ಹಾಕಿದ. "ಮ್ಯಾಚ್ ನಡದಿರ್ಬೇಕು, ನೋಡೂಣು."

"ಅಣ್ಣಾ, ಮುಟ್ಟಬೇಡಿ!" ಹೆಂಡತಿ ಕಿರುಚಿದಳು. ನಾನೂ ಕಿರುಚಿದೆ. ಅವನು ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ.

"ಇಷ್ಟು ವರ್ಷ ಆಪರೇಷನ್ ಥಿಯೇಟರಿನ್ಯಾಗ ಕತ್ತಿ ಹಿಡದೇನಿ. ಹಿಂಗ ಯಾರೂ ಒದರಿರಲಿಲ್ಲ ನೋಡ್ರಿ ನನ್ನ ಮ್ಯಾಲೆ!"

ವಿಷಯ ಹೇಳಿದೆವು. ಪಾಪ, ಅರ್ಥ ಮಾಡಿಕೊಂಡ. ಮತ್ತೆ ಶಾಲು ಹೊದಿಸಿ, ಅದರ ಎದುರಿಗೇ ಸೋಫಾದಲ್ಲಿ ಕೂತು, ಸಂಜೆಯವರೆಗೆ ಚಹಾ ಕುಡಿದು ನನ್ನ ಮಾತು ಕೇಳಿದ. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ: "ತಂಗೀ, ನಿಮ್ಮನಿ ಶಾಲಿನ ಕಾರ್ಯಕ್ರಮ ಛಲೋ ಅದ. ಜಾಹೀರಾತಿಲ್ಲ. ಆದ್ರ ಹಿನ್ನೆಲೆ ಧ್ವನಿ ಭಾಳ ಮಾತಾಡ್ತದ."

೪. ಕಾರಣ

ಯೋಚಿಸುತ್ತಾ ಯೋಚಿಸುತ್ತಾ ಅವಧಿಯ ಕೊನೆಯ ದಿನ ಬಂದೇ ಬಂತು. ಅವತ್ತು ದಾಟಿದರೆ ವರ್ಷವಿಡೀ ಆ ಆ್ಯಪ್ ನಮ್ಮದು. "ರೀ, ಈಗ ಫೋನ್ ಮಾಡ್ತೀರೋ, ಇಲ್ವೋ?" ಎಂದು ಹೆಂಡತಿ ಹಬೆಯಾಡುವ ಕಡುಬಿನ ತಟ್ಟೆ ಹಿಡಿದು ಪಕ್ಕದಲ್ಲೇ ಕೂತಳು.

ಫೋನ್ ಎತ್ತಿದವಳು ಸಣ್ಣ ವಯಸ್ಸಿನ ಹುಡುಗಿ. ದನಿ ಬಹಳ ಮೃದು.

"ಚಂದಾ ರದ್ದು ಮಾಡಬೇಕಿತ್ತಮ್ಮ. ಕಾರಣ ಏನೆಂದರೆ..."

"ಕಾರಣ ಹೇಳಬೇಕಾಗಿಲ್ಲ ಸರ್."

"ಪರವಾಗಿಲ್ಲ, ನನಗೆ ಪುರುಸೊತ್ತಿದೆ."

ನಮ್ಮಲ್ಲಿ ಕಾರಣವಿಲ್ಲದೆ ಬೇಡ ಎನ್ನುವವರುಂಟೇ? ಊಟಕ್ಕೆ ಏಳಿ ಎಂದರೆ ಮಧ್ಯಾಹ್ನದ್ದೇ ಅರಗಿಲ್ಲ ಎನ್ನುತ್ತೇವೆ. ಅಂಗಡಿಯವನು ಸೀರೆ ಬಿಚ್ಚಿ ತೋರಿಸಿದರೆ ಮಗಳನ್ನು ಕರೆದುಕೊಂಡು ಬರುತ್ತೇವೆ ಎನ್ನುತ್ತೇವೆ. ಹಾಗಾಗಿ ಹೇಳಿದೆ. ಮೈಸೂರಿನ ತಂಗಿ, ತಂಗಿಯ ಸೊಸೆ, ಆಷಾಢ, ಶಾಲು, ಸರ್ಜನ್. ಆಷಾಢದಲ್ಲಿ ಹೊಸ ಮದುಮಗಳು ತವರಿಗೆ ಹೋಗುವುದನ್ನೂ ವಿವರಿಸಿದೆ.

"ಒಟ್ಟಿನಲ್ಲಿ ನೀವು ಏನೂ ನೋಡಿಲ್ಲ ಸರ್" ಎಂದಳು.

"ನೋಡಿಲ್ಲ. ಆದರೆ ಒಂದು ಸಲ ಶಾಲು ಜಾರಿದಾಗ..."

"ಸರ್!" ಹುಡುಗಿ ಗಾಬರಿಯಿಂದ ತಡೆದಳು. "ನಮ್ಮ ಕಂಪ್ಯೂಟರಿನಲ್ಲಿ ಒಂದು ನಿಮಿಷವೂ ನೋಡಿಲ್ಲ ಅಂತಲೇ ಇದೆ. ದಯವಿಟ್ಟು ಅದನ್ನು ಹಾಗೇ ಇರಲು ಬಿಡಿ."

ಎಂಥ ಒಳ್ಳೆಯ ಹುಡುಗಿ! ನನಗೆ ಮನಸ್ಸು ತುಂಬಿ ಬಂತು. ಆಗ ಅವಳು, "ಕೇಳಲೇಬೇಕು ಸರ್, ನಿಯಮ. ಉಳಿದುಕೊಂಡರೆ ಮೂರು ತಿಂಗಳು ಪುಕ್ಕಟೆ ಕೊಡುತ್ತೇವೆ. ಬೇಕೇ?" ಎಂದಳು.

ಇಷ್ಟು ಹೊತ್ತು ನನ್ನ ಮಾತು ಕೇಳಿದವಳಿಗೆ ಹೇಗೆ ಬೇಡ ಎನ್ನಲಿ? ಅದಕ್ಕೆಂದು ಯಾವ ಕಾರಣವನ್ನೂ ನಾನು ಯೋಚಿಸಿಟ್ಟಿರಲಿಲ್ಲ.

"ನೋಡಮ್ಮ, ನೀನು ಇಷ್ಟು ಪ್ರೀತಿಯಿಂದ ಹೇಳುತ್ತಿರುವಾಗ..." ಎಂದು ಬಾಯಿ ತೆರೆದೆ.

ತೆರೆದ ಬಾಯಿಗೆ ಒಂದು ಇಡೀ ಕಡುಬು ಬಂದು ಕೂತಿತು. ಫೋನ್ ಕೈಯಿಂದ ಹಾರಿತು.

"ಹಲೋ. ಕ್ಯಾನ್ಸಲ್. ಥ್ಯಾಂಕ್ಯೂ" ಎಂದಳು ಹೆಂಡತಿ.

ಮುಗಿಯಿತು. ಆ ಕಡೆಯ ಹುಡುಗಿ, "ಮೇಡಂ, ನೀವೇ ಮಾಡಿದ್ದರೆ ನನ್ನ ಟೀ ಬ್ರೇಕ್ ಉಳಿಯುತ್ತಿತ್ತು" ಎಂದು ನಕ್ಕಿದ್ದು ನನಗೂ ಕೇಳಿಸಿತು. ಏನಾದರೂ ಹೇಳೋಣವೆಂದರೆ ಕಡುಬು ಇಳಿಯಲೊಲ್ಲದು.

ಕೇಳಿ, ಅವತ್ತೇ ಬೆಳಿಗ್ಗೆ ಇದೇ ಹೆಂಡತಿ ನನ್ನನ್ನು ಮಣೆಯ ಮೇಲೆ ಕೂರಿಸಿ, ಪಾದ ತೊಳೆದು, ಅರಿಶಿನ ಕುಂಕುಮ ಹೂವಿಟ್ಟು, ಗಂಡನೇ ದೇವರೆಂದು ಆರತಿ ಎತ್ತಿದ್ದಳು. ಮಧ್ಯಾಹ್ನ ದೇವರ ಬಾಯಿಗೆ ನೈವೇದ್ಯ ತುರುಕಿದಳು. ಯಾಕೆಂದರೆ ಅವತ್ತು ಆಷಾಢದ ಕೊನೆಯ ದಿನ, ಭೀಮನ ಅಮಾವಾಸ್ಯೆ.