ಬಾಗಿಲ ಪಕ್ಕದ ಗೋಡೆ ಓದಿದ ವಕೀಲರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮನುಷ್ಯರನ್ನು ಅವರ ಬೋರ್ಡಿನ ಅಕ್ಷರ ನೋಡಿ ಆರಿಸುವವನು. ರೋಣದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದರಿಂದ ಈ ಚಟ ಅಂಟಿತೋ, ಚಟವಿದ್ದುದರಿಂದಲೇ ಡ್ರಾಯಿಂಗ್ ಮಾಸ್ತರನಾದೆನೋ ಗೊತ್ತಿಲ್ಲ. ಒತ್ತಕ್ಷರಗಳು ಅಚ್ಚುಕಟ್ಟಾಗಿ ಕೂತಿದ್ದರೆ ಒಳಗಿರುವವನು ಪ್ರಾಮಾಣಿಕ ಎಂದು ನನ್ನ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಹೀಗೆ ಆರಿಸಿದ ದರ್ಜಿ ನನ್ನ ಪ್ಯಾಂಟಿನ ಒಂದು ಕಾಲನ್ನು ಇನ್ನೊಂದಕ್ಕಿಂತ ಗಿಡ್ಡ ಹೊಲಿದ. ಹೀಗೆ ಆರಿಸಿದ ಹಲ್ಲಿನ ಡಾಕ್ಟರು ನೋಯದ ಹಲ್ಲನ್ನು ಕಿತ್ತರು. ಎರಡೂ ಸಲ ನನ್ನ ಹೆಂಡತಿ ನೀಲಾ ಏನೂ ಅನ್ನಲಿಲ್ಲ. ಅನ್ನದೆ ಉಳಿಸಿಕೊಂಡದ್ದನ್ನೆಲ್ಲ ನಾವು ಮನೆ ಕೊಳ್ಳುವ ಕಾಲಕ್ಕೆ ಹೊರತೆಗೆದಳು.

ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಮೇಲೆ ನಮಗೆ ಒಂದು ಮನೆ ಒಪ್ಪಿಗೆಯಾಗಿತ್ತು. ಪೇಟೆಯ ಹಿಂದಿನ ಓಣಿ, ಮುಂದೆ ಕಟ್ಟೆ, ಹಿತ್ತಲಲ್ಲಿ ಬೇವಿನ ಗಿಡ. ಮಾರುವವರು ಹತ್ತಿ ವ್ಯಾಪಾರದ ಮಲ್ಲಪ್ಪನವರು ಮತ್ತು ಅವರ ತಮ್ಮ. ನೀಲಾ ಆಗಲೇ ರುಬ್ಬುವ ಕಲ್ಲು ಎಲ್ಲಿಡಬೇಕು, ಹಪ್ಪಳ ಎಲ್ಲಿ ಒಣಹಾಕಬೇಕು ಎಂದು ಗೊತ್ತುಮಾಡಿದ್ದಳು. ಕಾಗದಪತ್ರ ನೋಡಲು ವಕೀಲರೊಬ್ಬರು ಬೇಕಾಗಿತ್ತು, ಅಷ್ಟೆ. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ವಕೀಲರೊಬ್ಬರ ಬೋರ್ಡಿತ್ತು. ಆಹಾ, ನೆರಳು ಕೊಟ್ಟು ಬರೆದ ಅಕ್ಷರಗಳು! ಅವರು ಒಂದು ಕಪ್ ಚಹಾ ಆರುವುದರೊಳಗೆ ಫೈಲು ತಿರುವಿ, ಎಲ್ಲ ಸರಿಯಾಗಿದೆ, ನಾಳೆಯೇ ಖರೀದಿ ಮಾಡಬಹುದು ಎಂದರು. ನಾನು ಹಿಗ್ಗಿ ಮನೆಗೆ ಬಂದೆ.

ನೀಲಾ ನನ್ನ ಕಾಲಿನ ಕಡೆ, ಆಮೇಲೆ ನನ್ನ ಬಾಯಿಯ ಕಡೆ ನೋಡಿದಳು. “ಪ್ಯಾಂಟ್ ಬಿಚ್ಚಿ ಇಡಬಹುದು, ಹಲ್ಲ ಹೋದ್ರ ಕಟ್ಟಿಸಬಹುದು. ಮನಿ ಹೋದ್ರ ಎಲ್ಲಿ ಕುಂಡ್ರೂದ್ರಿ?” ಎಂದಳು. ತನ್ನ ತವರಿನವರ ವ್ಯವಹಾರವನ್ನೆಲ್ಲ ನೋಡಿದ ಸಂಗನಬಸಪ್ಪ ವಕೀಲರ ಹತ್ತಿರ ಹೋಗಿ ಎಂದು ಅಪ್ಪಣೆಯಾಯಿತು.

ಅವರ ಬೋರ್ಡಿನಲ್ಲಿ ಅರ್ಧ ಹೆಸರನ್ನು ತುಕ್ಕು ತಿಂದಿತ್ತು. ಉಳಿದರ್ಧ ಓರೆಯಾಗಿತ್ತು. ಒಳಗೆ ಎಪ್ಪತ್ತು ದಾಟಿದ ವಕೀಲರು ಧೋತರ ಉಟ್ಟು, ಫೈಲನ್ನು ಪಂಚಾಂಗ ಓದುವವರ ಹಾಗೆ ಓದತೊಡಗಿದರು. ಒಂದು ತಾಸಾದರೂ ಮಾತಿಲ್ಲ. ನನಗೆ ಸುಮ್ಮನೆ ಕೂತು ರೂಢಿಯಿಲ್ಲ. ಚೀಲದಲ್ಲಿ ನಮ್ಮ ಲಕ್ಕಲಕಟ್ಟಿಯ ಹಿರಿಯರ ಮನೆಯ ಕಾಗದವೂ ಇತ್ತು. ಹಿಂದಿನ ವರ್ಷ ನಾನು, ಅಣ್ಣ ಅದನ್ನು ಹಂಚಿಕೊಂಡಾಗ ವಂಶಾವಳಿಯನ್ನು ನಾನೇ ಕೈಯಾರೆ ಬರೆದಿದ್ದೆ. ಮೇಲೆ ಅಪ್ಪ, ಕೆಳಗೆ ಎರಡು ಕೊಂಬೆ, ಒಂದು ಅಣ್ಣ, ಒಂದು ನಾನು. ಕೇಳದಿದ್ದರೂ ಅದನ್ನು ವಕೀಲರ ಮುಂದಿಟ್ಟೆ. ಅವರು ಅದನ್ನು ಬಹಳ ಹೊತ್ತು ನೋಡಿ, “ಅಕ್ಷರ ಭಾಳ ಚಲೋ ಅದಾವ್ರಿ” ಎಂದು ತಿರುಗಿ ಕೊಟ್ಟರು. ನನಗೆ ಅವರ ಮೇಲೆ ಸ್ವಲ್ಪ ಗೌರವ ಹುಟ್ಟಿದ್ದು ಆಗಲೇ.

ಮರುದಿನ ಅವರು ಮನೆ ನೋಡಬೇಕೆಂದರು. ಮಲ್ಲಪ್ಪನವರೂ ಬಂದರು. ವಕೀಲರು ಅಂಗಳದ ನಡುವೆ ನಿಂತು, ಪತ್ರದಲ್ಲಿ ಬರೆದಿದ್ದ ನಾಲ್ಕೂ ದಿಕ್ಕಿನ ಎಲ್ಲೆಯನ್ನು ಗಟ್ಟಿಯಾಗಿ ಓದಿದರು. ಪೂರ್ವಕ್ಕೆ ಇಂಥವರ ಮನೆ ಎಂದು ಓದಿ ಪೂರ್ವಕ್ಕೆ ತಿರುಗುವುದು, ಅಲ್ಲಿಯವರನ್ನು ಕರೆದು ಹೆಸರು ಕೇಳುವುದು, ಆಮೇಲೆ ದಕ್ಷಿಣಕ್ಕೆ ತಿರುಗುವುದು. ನಿಂತಲ್ಲೇ ದಿಕ್ಕುಗಳಿಗೆ ಪೂಜೆ ಮಾಡಿದಂತಿತ್ತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಎಲ್ಲ ಮುಗಿಯಿತು ಎನ್ನುವಾಗ ಅವರು ಬಾಗಿಲ ಪಕ್ಕದ ಗೋಡೆಯ ಹತ್ತಿರ ಹೋಗಿ ಕನ್ನಡಕ ಏರಿಸಿದರು.

ಮದುವೆಯಾದ ಮನೆಯ ಗೋಡೆಗೆ ಸುಣ್ಣ ಬಳಿದು ವಧೂವರರ ಹೆಸರು ಬರೆಸುವುದು ನಮ್ಮ ಕಡೆ ಪದ್ಧತಿ. ಈ ಗೋಡೆಯಲ್ಲೂ ಎರಡು ಗಿಳಿಗಳ ನಡುವೆ ಮಾಸಿದ ಅಕ್ಷರಗಳಿದ್ದವು. ನಾನು ಅದನ್ನು ಮೂರು ಸಲ ನೋಡಿದ್ದೆ. ಗಿಳಿಯ ಕೊಕ್ಕು ತುಸು ದೊಡ್ಡದಾಯಿತು, ಅಕ್ಷರದ ದುಂಡು ಚೆನ್ನಾಗಿದೆ ಎಂದೂ ಗಮನಿಸಿದ್ದೆ. ಏನು ಬರೆದಿದೆ ಎಂದು ಮಾತ್ರ ಓದಿರಲಿಲ್ಲ. ವಕೀಲರು ಓದಿದರು: ಚಿ. ಕುಂ. ಸೌ. ಗಿರಿಜಾ, ಚಿ. ಶಿವಾನಂದ. ನಂತರ ಫೈಲು ತೆರೆದು ಮಲ್ಲಪ್ಪನವರ ವಂಶಾವಳಿಯ ಮೇಲೆ ಬೆರಳಾಡಿಸಿದರು.

“ಶಿವಾನಂದ ಅನ್ನಾವ ನಿಮ್ಮ ಮನಿತನದಾಗ ಇಲ್ಲ. ಅಂದ್ರ ಗಿರಿಜಾ ಈ ಮನಿ ಮಗಳು. ಹೌದಲ್ರಿ?”

ಮಲ್ಲಪ್ಪನವರು ಟೋಪಿ ಸರಿಮಾಡಿಕೊಂಡರು. “ನಮ್ಮ ತಂಗಿರಿ. ಹೊಳೆಆಲೂರಿಗೆ ಕೊಟ್ಟೇವಿ. ಆಕೀಗೆ ಕೊಡೂದೆಲ್ಲಾ ಮದುವ್ಯಾಗ ಕೊಟ್ಟು ಮುಗಿಸೇವ್ರಿ.”

“ಅದು ಮದುವಿಗೆ ಕೊಟ್ಟಿದ್ದು. ಇದು ಅಪ್ಪನ ಮನಿ. ಆಕಿ ಸಹಿ ಇಲ್ದ ಈ ಮಾಸ್ತರ ಇಲ್ಲಿ ಹಾಲ ಉಕ್ಕಿಸಂಗಿಲ್ಲ.”

ನೆರಳು ಕೊಟ್ಟ ಅಕ್ಷರಗಳ ಮಾತು ಕೇಳಿದ್ದರೆ, ನಾಲ್ಕು ವರ್ಷದ ಮೇಲೆ ಕೋರ್ಟಿನ ನೋಟೀಸು ಬರುತ್ತಿತ್ತು, ನೀಲಾ ರುಬ್ಬುವ ಕಲ್ಲು ಹೊತ್ತುಕೊಂಡು ಮತ್ತೆ ಬಾಡಿಗೆ ಮನೆ ಹುಡುಕಬೇಕಾಗುತ್ತಿತ್ತು. ಆ ಮುದುಕರು ಸರಕಾರದ ಯಾವ ಕಾಗದದಲ್ಲೂ ಇರದ ಹೆಣ್ಣುಮಗಳನ್ನು ಸುಣ್ಣದ ಗೋಡೆಯಿಂದ ಹೊರತೆಗೆದಿದ್ದರು. ಕಾಲಿಗೆ ಬೀಳಬೇಕೆನ್ನಿಸಿತು. ಪ್ಯಾಂಟಿನ ಕಾಲು ಗಿಡ್ಡವಿದ್ದುದರಿಂದ ಸುಮ್ಮನಾದೆ.

ಹದಿನೈದು ದಿನ ನಮಗೆ ಊಟ ಸೇರಲಿಲ್ಲ. ತಂಗಿ ಒಪ್ಪದಿದ್ದರೆ ಮನೆಯಿಲ್ಲ. ಕೊನೆಗೆ ಗಿರಿಜಾ ಬಂದರು. ಕಟ್ಟೆಯ ಮೇಲೆ ಕೂತು, ತಮ್ಮ ಹೆಸರಿದ್ದ ಗೋಡೆಯನ್ನು ನೋಡಿ, ಅಣ್ಣಂದಿರಿಗೆ, “ಪಾಲಿನ ಮಾತು ಆಮ್ಯಾಲ ಆಡೂಣು. ಇಷ್ಟ ವರ್ಷದ ಮ್ಯಾಲ ಒಮ್ಮೆಯಾದ್ರೂ ನನ್ನ ಕೇಳಿದ್ರಲ್ಲ” ಎಂದರು. ಆಮೇಲೆ ಪಾಲಿನ ಮಾತೂ ಆಡಿದರು, ಚೆನ್ನಾಗಿಯೇ ಆಡಿದರು, ಬರಬೇಕಾದ್ದನ್ನು ತೆಗೆದುಕೊಂಡೇ ಸಹಿ ಮಾಡಿದರು. ಮನೆ ನಮ್ಮದಾಯಿತು.

ನೋಂದಣಿ ಕಚೇರಿಯ ಮೆಟ್ಟಿಲಿಳಿಯುತ್ತ ನಾನು ವಕೀಲರನ್ನು ಹೊಗಳಿದ್ದೇ ಹೊಗಳಿದ್ದು. ಗೋಡೆ ಓದುವ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದೆ. ಅವರು ಕೊಡೆ ಬಿಚ್ಚಿ, ನನ್ನ ಮುಖ ನೋಡದೆ ಕೇಳಿದರು.

“ಮಾಸ್ತರ, ನಿಮ್ಮ ಲಕ್ಕಲಕಟ್ಟಿ ಮನಿ ಗ್ವಾಡಿ ಮ್ಯಾಲ ಯಾರ ಹೆಸರ ಐತ್ರಿ?”

ಶಾಂತಕ್ಕನದು. ನರಗುಂದಕ್ಕೆ ಕೊಟ್ಟ ನನ್ನ ಅಕ್ಕ. ಅವಳ ಮದುವೆಯಲ್ಲಿ ಏಣಿ ಹತ್ತಿ ಆ ಹೆಸರು ಬರೆದವನು ನಾನೇ, ಊರೆಲ್ಲ ಮೆಚ್ಚಿದ ಅಕ್ಷರ ಅದು. ಅದೇ ಕೈಯಿಂದ ವಂಶಾವಳಿಯಲ್ಲಿ ಎರಡೇ ಕೊಂಬೆ ಬರೆದಿದ್ದೆ. ಕೇಳಿದವರಿಗೆ ನಾನೂ ಅಣ್ಣನೂ ಏನು ಹೇಳುತ್ತಿದ್ದೆವು ಎಂಬುದನ್ನು ಮಲ್ಲಪ್ಪನವರ ಬಾಯಿಂದ ನೀವು ಆಗಲೇ ಕೇಳಿದ್ದೀರಿ.

ಬರುವ ಭಾನುವಾರ ಅಣ್ಣನನ್ನು ಕರೆದುಕೊಂಡು ನರಗುಂದಕ್ಕೆ ಹೋಗುತ್ತಿದ್ದೇನೆ. ಜಗತ್ತಿನ ಬೋರ್ಡುಗಳನ್ನೆಲ್ಲ ನೋಡಿ ತೀರ್ಪು ಕೊಟ್ಟ ನಾನು, ಅಕ್ಕನ ಸಹಿ ಹೇಗಿದೆ ಎಂದು ಇದುವರೆಗೆ ನೋಡಿಲ್ಲ.