ಬಲಗೈ ಡೆಬಿಟ್ಟು

ದೇವರು ಮನುಷ್ಯನಿಗೆ ಎರಡು ಕೈ ಕೊಟ್ಟದ್ದು ಉಣ್ಣಲಿಕ್ಕೂ ಅಲ್ಲ, ದುಡಿಯಲಿಕ್ಕೂ ಅಲ್ಲ. ಒಂದು ಡೆಬಿಟ್ಟಿಗೆ, ಇನ್ನೊಂದು ಕ್ರೆಡಿಟ್ಟಿಗೆ! ಹೀಗೆಂದು ಖರೇ ಖರೇ ನಂಬಿದ ಹೆಂಗಸೊಬ್ಬಳು ಬೆಟಗೇರಿಯಲ್ಲಿದ್ದಾಳೆ. ನನ್ನ ಪುಣ್ಯಕ್ಕೋ ಪಾಪಕ್ಕೋ ಆಕೆ ನನ್ನ ಸೋದರತ್ತೆ. ಹೆಸರು ಮಾತ್ರ ಹೇಳಲಾರೆ. ಹೇಳಿದೆನೋ, "ನನ್ನ ಹೆಸರು ಯಾವ ಖಾತ್ಯಾಗ ಹಾಕಿದೀಲೇ?" ಎಂದು ಕೇಳಲು ಆಟೋ ಹತ್ತಿ ಗದಗಿನ ನನ್ನ ಮನೆತನಕ ಬಂದುಬಿಡುತ್ತಾಳೆ.

ಅತ್ತೆ ಬಿ.ಕಾಂ. ಮೊದಲ ವರ್ಷದ ಮಕ್ಕಳಿಗೆ ಅಕೌಂಟೆನ್ಸಿ ಟ್ಯೂಷನ್ ಹೇಳುತ್ತಾಳೆ. ಹಾಗಾದರೆ ಆಕೆ ಎಷ್ಟು ಕಲಿತಿರಬಹುದು ಅಂತೀರಿ? ಪಿಯುಸಿ. ಅದೂ ಆರ್ಟ್ಸ್! ಆಕೆಗೆ ವಿದ್ಯೆ ಬಂದದ್ದು ಕಿವಿಯಿಂದ. ಮದುವೆಯಾಗಿ ಬಂದ ಕೆಲವು ವರ್ಷಗಳ ಮೇಲೆ ಅವರ ಮನೆಯ ಪಡಸಾಲೆಯಲ್ಲಿ ನಿವೃತ್ತ ಮಾಸ್ತರರೊಬ್ಬರು ಟ್ಯೂಷನ್ ನಡೆಸುತ್ತಿದ್ದರಂತೆ. ಒಳಗೆ ಮಾಮಾ, ಅಂದರೆ ಅತ್ತೆಯ ಗಂಡ, ಮಗ್ಗದ ಮೇಲೆ ಸೀರೆ ನೇಯುತ್ತಿದ್ದರೆ ಅತ್ತೆ ಬಾಗಿಲ ಮರೆಯಲ್ಲಿ ಕೂತು ನೂಲು ಸುತ್ತುತ್ತ ಪಾಠ ಕೇಳುತ್ತಿದ್ದಳು. ಮಾಸ್ತರರು ಒಂದು ದಿನ ತೀರಿಕೊಂಡರು. ಪರೀಕ್ಷೆ ಹತ್ತಿರ ಬಂದಿತ್ತು. ಹುಡುಗರು ಮೋರೆ ಸಣ್ಣದು ಮಾಡಿಕೊಂಡು ಕಟ್ಟೆಯ ಮೇಲೆ ಕೂತಿದ್ದನ್ನು ನೋಡಲಾರದೆ ಅತ್ತೆ ನೂಲು ಬದಿಗಿಟ್ಟು, ಸೆರಗು ಸಿಗಿಸಿಕೊಂಡು ಹೊರಗೆ ಬಂದಳು. "ಒಳಗ ಬಂದು ಕುಂಡ್ರಿ. ಎಲ್ಲೀತನಕ ಆಗಿತ್ತು ನನಗ ಗೊತ್ತೈತಿ" ಅಂದಳು. ಆ ಮಾತಿಗೆ ಈಗ ಮೂವತ್ತು ವರ್ಷ ದಾಟಿದೆ.

ಆ ಕ್ಲಾಸಿಗೆ ಹೆಸರಿಲ್ಲ, ಬೆಂಚಿಲ್ಲ, ಕರಿಹಲಗೆಯಂತೂ ಇಲ್ಲವೇ ಇಲ್ಲ. ಹಲಗೆ ಯಾಕೆ ಬೇಕು? ಅತ್ತೆಯೇ ಇದ್ದಾಳಲ್ಲ! ಖಾತೆಯನ್ನು ಇಂಗ್ಲಿಷಿನ ಟಿ ಅಕ್ಷರದ ಹಾಗೆ ಬರೆಯುತ್ತಾರೆ. ಎಡಗಡೆ ಡೆಬಿಟ್, ಬಲಗಡೆ ಕ್ರೆಡಿಟ್. ಅತ್ತೆ ಮಕ್ಕಳ ಎದುರು ನಿಂತು ಎರಡೂ ಕೈ ಚಾಚಿದಳೆಂದರೆ ಮುಗಿಯಿತು, ಸಾಕ್ಷಾತ್ ಟಿ! "ಸೀರಿ ಮಾರಿದ್ವಿ. ರೊಕ್ಕ ಬಂತು, ಡೆಬಿಟ್ಟು!" ಎಂದು ಬಲಗೈ ಕುಣಿಸುತ್ತಾಳೆ. "ಸೀರಿ ಹೋತು, ಕ್ರೆಡಿಟ್ಟು!" ಎಂದು ಎಡಗೈ ಕುಣಿಸುತ್ತಾಳೆ. ಆಮೇಲೆ ಜಮಖಾನೆಯ ಮೇಲೆ ಮಕ್ಕಳ ಎದುರಿಗೇ ಕೂತು ಅವರ ನೋಟುಬುಕ್ಕುಗಳನ್ನು ತಲೆಕೆಳಗಾಗಿಯೇ ಓದಿ ತಪ್ಪು ಹಿಡಿಯುತ್ತಾಳೆ. ತಲೆಕೆಳಗಾಗಿ ಓದುವುದರಲ್ಲಿ ಆಕೆಯನ್ನು ಮೀರಿಸುವವರು ಜಿಲ್ಲೆಯಲ್ಲಿಲ್ಲ. ಮಾಮಾ ಪೇಪರನ್ನು ನೆಲದ ಮೇಲೆ ಹರವಿಕೊಂಡು ಮೊದಲ ಸುದ್ದಿ ಓದುವಷ್ಟರಲ್ಲಿ ಎದುರಿಗೆ ಕೂತ ಅತ್ತೆ ಇಡೀ ಪುಟ ಮುಗಿಸಿ, "ತಿರುವ್ರಿ ಜಲ್ದಿ" ಅನ್ನುತ್ತಾಳೆ.

ಪಾಠ ಪಡಸಾಲೆಯಲ್ಲೇ ಉಳಿದಿದ್ದರೆ ನಾವೆಲ್ಲ ಸುಖವಾಗಿರುತ್ತಿದ್ದೆವು. ಒಮ್ಮೆ ನೆರೆಮನೆಯ ಆಡು ಅಂಗಳಕ್ಕೆ ನುಗ್ಗಿ ಒಣಗಹಾಕಿದ ಶೇಂಗಾ ತಿಂದುಹಾಕಿತು. ನಾನು ಬಡಿಗೆ ಹಿಡಿದು ಓಡಿದರೆ ಅತ್ತೆ ತಡೆದಳು.

"ತಡೀಲೇ. ಮೊದಲ ಇದಕ್ಕ ಎಂಟ್ರಿ ಹೇಳು."

"ಅತ್ತೀ, ಆಡು ಶೇಂಗಾ ತಿನ್ನಾಕತ್ತೈತಿ!"

"ಅದು ನಮ್ಮ ಪುಸ್ತಕದಾಗ ನಷ್ಟ. ಆಡಿನ ಪುಸ್ತಕದಾಗ ಲಾಭ. ಯಾರ ಪುಸ್ತಕ ಅಂತ ಮೊದಲ ಕೇಳಬೇಕು, ತಿಳೀತಿಲ್ಲೋ?"

ತಿಳಿಯಿತು. ನನಗೆ ತಿಳಿಯುವಷ್ಟರಲ್ಲಿ ಆಡು ಲಾಭವನ್ನೆಲ್ಲ ನುಂಗಿ ಮನೆಗೆ ಹೋಗಿತ್ತು.

ಮಾಮಾನ ಕಥೆ ಇನ್ನೂ ಕರುಣಾಜನಕ. ಯಂತ್ರಗಳು ವರ್ಷ ವರ್ಷ ಸವೆಯುತ್ತವೆ, ಆ ಸವಕಳಿಯನ್ನು ಬೆಲೆಯಲ್ಲಿ ಕಳೆಯುತ್ತ ಬರಬೇಕು ಎಂಬುದು ಪಾಠ. ಹೊಂಬಳದ ಹುಡುಗನೊಬ್ಬ ಉದಾಹರಣೆ ಕೇಳಿದ. ಅತ್ತೆ ಬಾಗಿಲಲ್ಲಿ ನಿಂತಿದ್ದ ಮಾಮಾನನ್ನು ತೋರಿಸಿದಳು. "ಲಗ್ನದಾಗ ಭಾಳ ಕಿಮ್ಮತ್ತಿತ್ತು. ವರ್ಷಾ ಸವಕಳಿ ಕಳಕೋಂತ ಬಂದೀನಿ. ಈಗ ಪುಸ್ತಕದಾಗ ಒಂದ ರೂಪಾಯಿ ಉಳದೈತಿ."

ಮಾಮಾ ಸಿಟ್ಟಾಗಲಿಲ್ಲ. "ಒಂದ ರೂಪಾಯಿ ಯಾಕ ಉಳಿಸಿದಿ? ಅದನ್ನೂ ಕಳದಬಿಡು" ಅಂದರು.

"ಇನ್ನೂ ಕೆಲಸಾ ಮಾಡ್ತೀರಲ್ರಿ" ಎಂದು ಅತ್ತೆ ಅವರ ಕೈಗೆ ನೀರಿನ ಕೊಡ ಕೊಟ್ಟಳು!

ಇನ್ನು ಲಕ್ಷ್ಮೇಶ್ವರದ ಮದುವೆ. ನಮ್ಮ ಕಡೆ ಉಡಿ ತುಂಬುವಾಗ ಕೊಡುವ ಕುಪ್ಪಸದ ಖಣವನ್ನು ಯಾರೂ ಹೊಲಿಸುವುದಿಲ್ಲ; ಮುಂದಿನ ಮನೆಯವರ ಉಡಿಗೆ ದಾಟಿಸುತ್ತಾರೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅತ್ತೆಯೋ, ಟ್ರಂಕಿನಲ್ಲಿರುವ ಖಣಕ್ಕೆಲ್ಲ ನಂಬರು ಹಾಕಿಟ್ಟಿದ್ದಾಳೆ. ಮೊದಲು ಬಂದ ಮಾಲು ಮೊದಲು ಹೋಗಬೇಕು ಎಂಬುದು ದಾಸ್ತಾನಿನ ನಿಯಮವಲ್ಲವೇ? ಅದರಂತೆ ಅಂದು ಒಂದನೇ ನಂಬರಿನ ಖಣವನ್ನು ಶಿರಹಟ್ಟಿಯಿಂದ ಬಂದಿದ್ದ ಬೀಗತಿಯ ಉಡಿಗೆ ಹಾಕಿದಳು. ಬೀಗತಿ ಖಣವನ್ನು ತಿರುವಿ ಮುರುವಿ ನೋಡಿದಳು.

"ಯವ್ವಾ, ಇದು ನಾನ ನಿನಗ ಕೊಟ್ಟಿದ್ದ ಖಣ ಅಲ್ಲೇನ?"

ಬೇರೆ ಯಾರಾದರೂ ಆಗಿದ್ದರೆ ಭೂಮಿ ಬಾಯಿ ಬಿಡಲಿ ಎನ್ನುತ್ತಿದ್ದರು. ಅತ್ತೆ ಕಣ್ಣು ಕೂಡ ಪಿಳುಕಿಸಲಿಲ್ಲ. "ಹೌದವಾ. ಇದಕ್ಕ ಖರೀದಿ ವಾಪಸ್ ಖಾತಿ ಅಂತಾರ" ಅಂದಳು. ಶಿರಹಟ್ಟಿಯವರು ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ.

ಹೀಗಿದ್ದರೂ ಆಕೆಯ ಕೈಯಲ್ಲಿ ಕಲಿತವರು ನಪಾಸಾದದ್ದು ಅಪರೂಪ. ಹೀಗಿರುವಾಗ ಗದಗಿನಲ್ಲಿ ಹೊಸದೊಂದು ಕೋಚಿಂಗ್ ಸೆಂಟರು ತೆರೆಯಿತು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಗೋಡೆಯೆತ್ತರದ ಬ್ಯಾನರು! ಆ ಬ್ಯಾನರಿನಲ್ಲಿ ಟೈ ಕಟ್ಟಿಕೊಂಡ ಮಾಸ್ತರರ ಹೆಸರಿನ ಮುಂದೆ ಡಿಗ್ರಿಗಳು ರೈಲಿನ ಡಬ್ಬಿಗಳಂತೆ ಸಾಲಾಗಿ ನಿಂತಿದ್ದವು. ಜೊತೆಗೆ ಒಂದು ಖಬರು ಬೆಟಗೇರಿಯ ಓಣಿ ಓಣಿ ಸುತ್ತಿತು: "ಆಕಿ ಬರೇ ಪಿಯುಸಿ ಅಂತ!" ಮೂವತ್ತು ವರ್ಷ ಯಾರೂ ಕೇಳದಿದ್ದ ಡಿಗ್ರಿಯನ್ನು ಈಗ ಎಲ್ಲರೂ ಕೇಳತೊಡಗಿದರು. ಇಪ್ಪತ್ತಾರು ಮಕ್ಕಳಿದ್ದ ಕ್ಲಾಸಿನಲ್ಲಿ ಏಳು ಮಂದಿ ಉಳಿದರು.

ನನ್ನನ್ನೂ ಕೇಳಿದರು. ನಾನು ಕಾಲೇಜಿನಲ್ಲಿ ಇದೇ ವಿಷಯ ಕಲಿಸುವ ಲೆಕ್ಚರರು ನೋಡಿ! ಪಾಲಕರೊಬ್ಬರು ಸ್ಟಾಫ್ ರೂಮಿಗೇ ಬಂದು, "ಸರ್, ನಿಮ್ಮತ್ತಿಯವರ ಕಡೆ ಹುಡುಗಿನ್ನ ಇನ್ನೂ ಕಳಸಬೇಕೋ ಬ್ಯಾಡೋ, ನೀವ ಹೇಳ್ರಿ" ಅಂದರು. ಸುತ್ತ ಸಹೋದ್ಯೋಗಿಗಳಿದ್ದರು. ನಾನು ಕೆಮ್ಮಿದೆ. "ನಿಮ್ಮಿಷ್ಟ ನೋಡ್ರಿ" ಅಂದೆ. ಅಷ್ಟೇ ಅಂದೆ.

ಈ ಮಾತು ಅತ್ತೆಯ ಕಿವಿಗೆ ಬಿತ್ತೋ ಇಲ್ಲವೋ, ಆಕೆ ನನ್ನನ್ನೇನೂ ಕೇಳಲಿಲ್ಲ. ಆದರೆ ಅರವತ್ತೊಂದನೇ ವಯಸ್ಸಿನಲ್ಲಿ ದೂರಶಿಕ್ಷಣದ ಬಿ.ಕಾಂ.ಗೆ ಹೆಸರು ಹಚ್ಚಿದಳು. ಏಳು ಮಕ್ಕಳನ್ನು ಕೂಡಿಸಿಕೊಂಡು ಆಣೆ ಮಾಡಿದಳು: "ಅಕೌಂಟೆನ್ಸಿ ಪಾಸಾದ್ರ ಕ್ಲಾಸ್ ನಡೀತೈತಿ. ನಪಾಸಾದ್ರ ಜಮಖಾನಿ ಸುತ್ತಿ ಇಡ್ತೀನಿ."

ನಾನು ನಕ್ಕೆ. ಮೀನಿಗೆ ಈಜು ಪರೀಕ್ಷೆಯೇ? ಅತ್ತೆಯೂ ಅಕೌಂಟೆನ್ಸಿಯ ಪುಸ್ತಕ ಬಿಚ್ಚಿ ನೋಡಲಿಲ್ಲ.

ಪರೀಕ್ಷೆ ಮುಗಿಸಿ ಅತ್ತೆ ಮದುಮಗಳ ಹಾಗೆ ನಗುತ್ತ ಹೊರಬಂದಳು. ಗೇಟಿನಲ್ಲಿ ಕಾಯುತ್ತಿದ್ದ ಏಳೂ ಮಕ್ಕಳಿಗೆ, ನನಗೆ, ಗಿರ್ಮಿಟ್ಟು ಮಿರ್ಚಿ ಕೊಡಿಸಿದಳು. ಅವರಲ್ಲಿ ಡೋಣಿ ಊರಿನಿಂದ ಬಸ್ಸಿನಲ್ಲಿ ಓಡಾಡುವ ಹುಡುಗಿ ಒಬ್ಬಳಿದ್ದಳು; ಕ್ಲಾಸಿನ ಮಕ್ಕಳಿಗೆಲ್ಲ ಆಕೆ ಅತ್ತೆಯೇ. ಮಿರ್ಚಿ ಕಡಿಯುತ್ತ ಪ್ರಶ್ನೆಪತ್ರಿಕೆ ನೋಡಿ, "ಅತ್ತೀ, ಈ ಲೆಕ್ಕದಾಗ ರೊಕ್ಕ ಬಂದದ್ದು ಎಡಕ್ಕ ಬರದ್ರಿಲ್ರಿ?" ಅಂದಳು.

"ಎಡಕ್ಕ ಯಾಕ? ಡೆಬಿಟ್ ಬಲಕ್ಕಲಾ!"

"ಎಡಕ್ಕರೀ."

"ಹುಚ್ಚಿ! ನಾ ಯಾವ ಕೈ ಎತ್ತತೀನಿ?"

"ಬಲಗೈರೀ. ಆದ್ರ ನೀವು ನಮ್ಮ ಎದುರಿಗೆ ನಿಂತಿರತೀರಿ. ನಮಗ ಅದು ಎಡಕ್ಕ ಕಾಣತೈತ್ರಿ."

ಅತ್ತೆ ತನ್ನ ಬಲಗೈ ನೋಡಿಕೊಂಡಳು. ಆಮೇಲೆ ಹುಡುಗಿಯನ್ನು ನೋಡಿದಳು. ಮೂವತ್ತು ವರ್ಷ ಮಕ್ಕಳ ಎದುರು ನಿಂತಳು, ಅವರ ನೋಟುಬುಕ್ಕುಗಳನ್ನು ತಲೆಕೆಳಗಾಗಿ ಓದಿದಳು. ಆಕೆಯ ಕಣ್ಣಿಗೆ ಡೆಬಿಟ್ಟು ಯಾವತ್ತೂ ಬಲಕ್ಕೇ ಇತ್ತು! ಬಾಗಿಲ ಮರೆಯಲ್ಲಿ ಕಿವಿಯಿಂದ ಕಲಿತವಳಿಗೆ ಕಲಿಯುವವರ ಕಡೆ ಕೂರುವ ಯೋಗವೇ ಬಂದಿರಲಿಲ್ಲ. ಪರೀಕ್ಷೆಯಲ್ಲಿ ಬರೆದ ಖಾತೆಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲಾಗಿದ್ದವು. ಮಕ್ಕಳು ನಗಲಿಲ್ಲ, ನಾನೂ ನಗಲಿಲ್ಲ. ಅತ್ತೆಯ ಕೈಯಲ್ಲಿನ ಮಿರ್ಚಿ ಹಾಗೇ ಆರಿಹೋಯಿತು.

ರಿಸಲ್ಟು ಬಂತು. ಪಾಸಾಗಲು ಮೂವತ್ತೈದು ಬೇಕಿತ್ತು, ಬಂದದ್ದು ಮೂವತ್ತೊಂದು.

ನಾನು ಕಾಲೇಜು ಮುಗಿಸಿ ನೇರ ಬೆಟಗೇರಿಗೆ ಹೋದೆ. ಏಳು ಮಕ್ಕಳು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಅಂದು ಸ್ಟಾಫ್ ರೂಮಿಗೆ ಬಂದಿದ್ದ ಪಾಲಕರೂ ಅಲ್ಲೇ ಇದ್ದರು, ಮಗಳನ್ನು ಬಿಡಿಸಿಕೊಂಡು ಹೋಗಲು. ಒಳಗೆ ಮಗ್ಗ ನಿಂತಿತ್ತು. ಅತ್ತೆ ಬಗ್ಗಿ ಜಮಖಾನೆ ಸುತ್ತುತ್ತಿದ್ದಳು. "ನಾಳಿಂದ ಬರಬ್ಯಾಡ್ರಿ. ಆಣಿ ಅಂದ್ರ ಆಣಿ" ಎಂದು ನೆಲ ನೋಡುತ್ತಲೇ ಹೇಳಿದಳು.

ನಾನು ಹೋಗಿ ಇನ್ನೂ ಸುತ್ತದೆ ಉಳಿದಿದ್ದ ಅರ್ಧ ಜಮಖಾನೆಯ ಮೇಲೆ ಕೂತುಬಿಟ್ಟೆ.

"ಏಳಲೇ."

"ಏಳೂದಿಲ್ಲ. ಅತ್ತೀ, ಕಾಲೇಜಿನ್ಯಾಗ ನಾ ಕಲಸೂದೆಲ್ಲಾ ಇಲ್ಲೇ, ಇದರ ಮ್ಯಾಲೆ ಕುಂತ ಕಲಿತದ್ದು. ಧಾರವಾಡದಾಗ ಬರೇ ಸರ್ಟಿಫಿಕೇಟ್ ತಗೊಂಡೆ. ಇವರು ನನ್ನ ಕಡೆ ಕೇಳಾಕ ಬಂದಾಗ ನಿನ್ನ ಹೆಸರು ಹೇಳಾಕ ನಾಚಿಕಿ ಬಂತು. ಸುಮ್ಮನಾದೆ. ತಪ್ಪಾತು."

ಪಾಲಕರು ನನ್ನನ್ನೇ ನೋಡಿದರು. ಮಕ್ಕಳು ನೋಡಿದರು. ನನ್ನ ಮೋರೆ ಬೆಂಕಿಯಾಗಿತ್ತು, ಆದರೆ ಎದೆಯ ಮೇಲಿಂದ ಯಾವುದೋ ಕಲ್ಲು ಇಳಿದಿತ್ತು.

"ನೀ ಕೆಮ್ಮಿದ್ದು ನನಗ ಅವತ್ತ ಗೊತ್ತಾಗಿತ್ತು" ಅಂದಳು ಅತ್ತೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಜಮಖಾನೆಯ ಸುರುಳಿ ಬಿಟ್ಟು, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ನನ್ನ ಪಕ್ಕದಲ್ಲಿ ಕೂತಳು. ಎದುರಿಗಲ್ಲ, ಪಕ್ಕದಲ್ಲಿ. ಡೋಣಿಯ ಹುಡುಗಿಯ ಕೈಯಿಂದ ನೋಟುಬುಕ್ಕು ಇಸಿದುಕೊಂಡು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು. ಎಡಗಡೆಯ ಸಾಲುಗಳ ಮೇಲೆ ಬೆರಳಾಡಿಸಿದಳು. ಆಕೆಯ ಕಣ್ಣು ತುಂಬಿತ್ತು.

"ನಿಮಗ ಹಿಂಗ ಕಾಣತೈತೇನಲೇ?" ಅಂದಳು. "ಎಷ್ಟ ಛಂದ ಕಾಣತೈತಲಾ!"

ಗೋಡೆಗೆ ಅಂಟಿಕೊಂಡಿದ್ದ ಏಳೂ ಮಕ್ಕಳು, ಆ ಪಾಲಕರ ಮಗಳೂ ಸೇರಿ, ಒಬ್ಬೊಬ್ಬರಾಗಿ ಬಂದು ಜಮಖಾನೆಯ ಮೇಲೆ ಕೂತರು. ಅತ್ತೆ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು.

"ಏನ್ ನೋಡ್ತಿ? ಎದ್ದು ನಿಂತು ಕಲಸು. ನಾವು ಎಂಟು ಮಂದಿ ಕುಂತೀವಿ."